ಬಂಡೆಯಂಚಿನ ಚಿರಂಜೀವಿ

2017ರ ಡಿಸೆಂಬರ್ ತಿಂಗಳು. ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಸುಮಾರು 250 ಕಿಲೋಮೀಟರ್ ದೂರದಲ್ಲಿ, ಪೆಸಿಫಿಕ್ ಕಡಲ ದಂಡೆಯ ಮೇಲಿರುವ ಮೆಂಡೊಸಿನೊ ಎಂಬ ಪುಟ್ಟ ಊರಿನ ಅಂಚೆ ಕಚೇರಿ. ಸಾಲಿನಲ್ಲಿ ನಿಂತಿದ್ದ ಮಹಿಳೆಯೊಬ್ಬರಿಗೆ ಮುಂದಿನವನ ಕೆಲಸ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಆತ ಸುಮಾರು 60 ಪೊಟ್ಟಣಗಳನ್ನು ಚೀನಾಕ್ಕೆ ಕಳಿಸುತ್ತಿದ್ದ. ಪೊಟ್ಟಣಗಳಿಂದ ಮಣ್ಣು ಉದುರುತ್ತಿತ್ತು. ಏನಿದು ಎಂದು ಕೇಳಿದರೆ, ತುಂಬ ಬೆಲೆಬಾಳುವಂಥದ್ದು ಎಂದು ಪಿಸುಗುಟ್ಟಿ ಕಡಲ ಕಡೆಗೆ ಕೈ ತೋರಿಸಿದನಂತೆ. ಆಕೆ ಸುಮ್ಮನಿರಲಿಲ್ಲ. ವನ್ಯಜೀವಿ ಇಲಾಖೆಗೆ ಫೋನ್ ಮಾಡಿದರು.

ಆ ದಂಡೆಯಲ್ಲಿ ಅಬಲೋನಿ ಎಂಬ ಚಿಪ್ಪಿನ ಪ್ರಾಣಿಯನ್ನು ಕದ್ದು ಹಿಡಿಯುವುದು ಹಳೆಯ ಪಿಡುಗು. ಇದೂ ಅದೇ ಇರಬೇಕೆಂದುಕೊಂಡು ವಾರ್ಡನ್ ತನಿಖೆಗೆ ಹೊರಟರು. ಪೊಟ್ಟಣಗಳನ್ನು ಪರೀಕ್ಷಿಸಿದಾಗ ಒಳಗೆ ಸಿಕ್ಕಿದ್ದು ಗಿಡಗಳು. ಅಂಗೈಯಗಲದ, ಗುಲಾಬಿ ಹೂವಿನಂತೆ ಎಲೆಗಳನ್ನು ಸುತ್ತಲೂ ಜೋಡಿಸಿಕೊಂಡ, ಬೂದು ಬಣ್ಣದ ದಪ್ಪೆಲೆಯ ಗಿಡಗಳು. ಬೇರುಸಹಿತ ಕಿತ್ತು ಕಾಗದದಲ್ಲಿ ಸುತ್ತಿದ್ದವು.

ಗಿಡದ ಹೆಸರು ಡಡ್ಲೇಯಾ. ಕ್ಯಾಲಿಫೋರ್ನಿಯಾದ ಜನ ಆಡುಮಾತಿನಲ್ಲಿ ಇಟ್ಟ ಹೆಸರಿಗೆ ಅರ್ಥ ‘ಎಂದೆಂದಿಗೂ ಬದುಕಿರುವುದು’. ನಾವಾದರೆ ಚಿರಂಜೀವಿ ಅನ್ನುತ್ತಿದ್ದೆವು. ಈ ಚಿರಂಜೀವಿ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಎರಡು ಸಲ ಸಾವಿನ ಬಾಗಿಲು ತಟ್ಟಿದೆ. ಒಂದು ಸಲ, ಅದು ಅಲ್ಲಿದೆ ಎಂಬುದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದಿದ್ದರಿಂದ. ಇನ್ನೊಂದು ಸಲ, ಅದು ಎಲ್ಲರಿಗೂ ಬೇಕಾಗಿಬಿಟ್ಟದ್ದರಿಂದ.

*

ಮೊದಲು ಗಿಡವನ್ನು ಸರಿಯಾಗಿ ನೋಡೋಣ. ಅಮೆರಿಕದ ಆರೆಗನ್ ರಾಜ್ಯದ ದಕ್ಷಿಣದಿಂದ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದವರೆಗೆ ಹಬ್ಬಿರುವ ಈ ಕುಲದಲ್ಲಿ ನಲವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಕೆಲವು ಇಡೀ ಕರಾವಳಿಯುದ್ದಕ್ಕೂ ಸಿಗುತ್ತವೆ. ಕೆಲವು ಒಂದೇ ಕಣಿವೆಗೆ, ಒಂದೇ ದ್ವೀಪಕ್ಕೆ ಸೀಮಿತ. ನಾಥೇನಿಯಲ್ ಬ್ರಿಟನ್ ಮತ್ತು ಜೋಸೆಫ್ ನೆಲ್ಸನ್ ರೋಸ್ ಎಂಬ ಸಸ್ಯಶಾಸ್ತ್ರಜ್ಞರು 1903ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥ ವಿಲಿಯಂ ರಸೆಲ್ ಡಡ್ಲಿ ಅವರ ಗೌರವಾರ್ಥ ಕುಲಕ್ಕೆ ಈ ಹೆಸರಿಟ್ಟರು. ಹೆಸರಿಡುವ ಮುಂಚೆಯೂ ಗಿಡ ಅಪರಿಚಿತವೇನಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ಕೆಲವು ಪ್ರಭೇದಗಳ ರಸವತ್ತಾದ ಎಲೆಗಳನ್ನೂ ಹೂದಂಟುಗಳನ್ನೂ ತಿನ್ನುತ್ತಿದ್ದರು. ಒಂದು ಪ್ರಭೇದದ ಲ್ಯಾಟಿನ್ ಹೆಸರಿನ ಅರ್ಥವೇ ‘ತಿನ್ನಲು ಬರುವಂಥದ್ದು’.

ಕೆಲವು ಡಡ್ಲೇಯಾಗಳ ಎಲೆಯ ಮೇಲೆ ಬಿಳಿ ಹುಡಿ ಬಳಿದಂತಿರುತ್ತದೆ. ಬೂದುಗುಂಬಳಕಾಯಿಯ ಮೇಲೆ ಇರುತ್ತದಲ್ಲ, ಮುಟ್ಟಿದರೆ ಕೈಗೆ ಅಂಟುವ ಬೂದಿ, ಅಂಥದ್ದೇ ಮೇಣ ಅದು. ಸುಡುವ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ನೀರನ್ನು ಜಾರಿಸುತ್ತದೆ. ಒಮ್ಮೆ ಬೆರಳು ತಾಗಿದರೆ ಗುರುತು ಆ ಎಲೆಯ ಮೇಲೆ ಉಳಿದೇಬಿಡುತ್ತದೆ, ಬಲಿತ ಎಲೆ ಮತ್ತೆ ಹುಡಿ ಬಳಿದುಕೊಳ್ಳುವುದಿಲ್ಲ.

ಎಲೆಯೊಳಗೆ ನಡೆಯುವ ವ್ಯವಹಾರ ಇನ್ನೂ ಸೋಜಿಗದ್ದು. ಅದರ ಕತೆಗೆ ನಮ್ಮ ಕಡೆಯ ನಂಟೂ ಇದೆ. 1799ರಲ್ಲಿ ಟಿಪ್ಪುವಿನ ಪತನದ ನಂತರ ಕರ್ನಲ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಹೊರಟಾಗ ಜೊತೆಗಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇಯ್ನ್. ಬೆಂಗಳೂರಿನ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡವನೂ ಈತನೇ. ಈತನಿಗೆ ಕಾಡುಬಸಳೆಯ ಎಲೆಯನ್ನು ಬಾಯಿಗೆ ಹಾಕಿಕೊಂಡು ರುಚಿ ನೋಡುವ ಕುತೂಹಲ. ಬೆಳಿಗ್ಗೆ ತಿಂದರೆ ಎಲೆ ಹುಳಿ. ಮಧ್ಯಾಹ್ನಕ್ಕೆ ಸಪ್ಪೆ. ಸಂಜೆಯಾಗುತ್ತಿದ್ದಂತೆ ಕೊಂಚ ಕಹಿ. ಇದನ್ನು ಲಂಡನ್ನಿನ ಲಿನಿಯನ್ ಸೊಸೈಟಿಗೆ ಬರೆದು ತಿಳಿಸಿದ. ಅದು 1815ರಲ್ಲಿ ಅಚ್ಚಾಯಿತು.

ಕಾರಣ ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಸಾಮಾನ್ಯ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಆಗ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಕಾಡುಬಸಳೆಯಂಥ ಗಿಡಗಳು ಜಾಣತನದಿಂದ ರಾತ್ರಿ ತಂಪಿನಲ್ಲಿ ರಂಧ್ರ ತೆರೆದು, ಅನಿಲವನ್ನು ಆಮ್ಲವಾಗಿಸಿ ಕೂಡಿಡುತ್ತವೆ. ಬೆಳಗಿನ ಹುಳಿ ಬಂದದ್ದು ಅಲ್ಲಿಂದ. ಹಗಲಲ್ಲಿ ಬಾಗಿಲು ಮುಚ್ಚಿಕೊಂಡು, ಕೂಡಿಟ್ಟದ್ದನ್ನು ಬಿಸಿಲಿನ ನೆರವಿನಿಂದ ಸಕ್ಕರೆ ಮಾಡಿಕೊಳ್ಳುತ್ತವೆ. ಈ ಕ್ರಮಕ್ಕೆ ವಿಜ್ಞಾನ ಕೊಟ್ಟ ಹೆಸರು ಬಂದದ್ದು ಕ್ರಾಸ್ಯುಲೇಸಿ ಎಂಬ ಸಸ್ಯ ಕುಟುಂಬದಿಂದ. ಕಾಡುಬಸಳೆ, ನಿಮ್ಮ ಬಾಲ್ಕನಿಯ ಜೇಡ್ ಗಿಡ, ಮೆಂಡೊಸಿನೊದ ಡಡ್ಲೇಯಾ ಮೂರೂ ಒಂದೇ ಕುಟುಂಬದವು. ಮಳೆ ಕೈಕೊಟ್ಟ ತಿಂಗಳುಗಳಲ್ಲಿ ಡಡ್ಲೇಯಾ ಕೂಡ ಇದೇ ದಾರಿ ಹಿಡಿಯುತ್ತದೆ.

ಅದು ಇರುವ ಜಾಗ ಅಂಥದ್ದು. ಕಡಲಿಗೆ ಮುಖ ಮಾಡಿ ನಿಂತ ಕಡಿದಾದ ಬಂಡೆಗೋಡೆ, ಚೂರೇ ಚೂರು ಮಣ್ಣಿರುವ ಬಿರುಕು, ಉಪ್ಪುಗಾಳಿ, ಬೇಸಿಗೆಯಲ್ಲಿ ಮಳೆಯ ಬದಲು ಬರೀ ಮಂಜು. ಅಲ್ಲಿ ಗಿಡ ನೇರ ಮೇಲಕ್ಕೆ ಮುಖ ಮಾಡುವುದಿಲ್ಲ, ಓರೆಯಾಗಿ ವಾಲಿರುತ್ತದೆ. ಎಲೆಗಳ ನಡುವೆ ನೀರು ನಿಂತು ಕೊಳೆಯುವ ಭಯವಿಲ್ಲ. ಬೆಳವಣಿಗೆ ಬಲು ನಿಧಾನ, ಆಯಸ್ಸು ದಶಕಗಟ್ಟಲೆ. ಬೇರೆ ಗಿಡಗಳು ಬಂದು ಬೆಳಕು ಕಸಿಯಲಾರದ, ಮೇಯುವ ಪ್ರಾಣಿ ಕಾಲೂರಲಾರದ ಜಾಗ ಅದು. ಬಂಡೆಯೇ ಅದರ ಕೋಟೆ. ಆ ಕೋಟೆ ಎಷ್ಟು ಗಟ್ಟಿ ಎನ್ನುವುದು ಗೊತ್ತಾದದ್ದು ದಕ್ಷಿಣದ ಒಂದು ಪುಟ್ಟ ದ್ವೀಪದಲ್ಲಿ.

*

ಲಾಸ್ ಏಂಜಲೀಸ್ ಕರಾವಳಿಯಾಚೆ ಚಾನೆಲ್ ದ್ವೀಪಗಳ ಸಾಲಿದೆ. ಅವುಗಳಲ್ಲಿ ಸಾಂಟಾ ಬಾರ್ಬರಾ ದ್ವೀಪ ಬಲು ಸಣ್ಣದು. ಒಟ್ಟು 640 ಎಕರೆ, ಅಂದರೆ ಒಂದು ಚದರ ಮೈಲಿ. ಸ್ಪೇನಿನ ನಾವಿಕ ಸೆಬಾಸ್ಟಿಯನ್ ವಿಜ್ಕಾಯಿನೊ 1602ರ ಡಿಸೆಂಬರ್ 4ರಂದು, ಸಂತ ಬಾರ್ಬರಾಳ ಹಬ್ಬದ ದಿನ, ಅದಕ್ಕೆ ಈ ಹೆಸರು ಕೊಟ್ಟ. ದ್ವೀಪದಲ್ಲಿ ದೊಡ್ಡ ಮರಗಳಿಲ್ಲ, ಸಿಹಿನೀರಿನ ಹೊಳೆಯಿಲ್ಲ. ಸುತ್ತ ಬಂಡೆಗೋಡೆ, ಮೇಲೆ ಹುಲ್ಲುಗಾವಲು, ನಡುವೆ ಕೆಲವು ಕೊರಕಲು ಕಣಿವೆಗಳು.

1901ರಲ್ಲಿ ಬ್ಲಾಂಚ್ ಟ್ರಾಸ್ಕ್ ಎಂಬಾಕೆ ಈ ದ್ವೀಪಕ್ಕೆ ಬಂದರು. ಹತ್ತಿರದ ಕ್ಯಾಟಲಿನಾ ದ್ವೀಪದಲ್ಲಿ ವಾಸವಾಗಿದ್ದ ಟ್ರಾಸ್ಕ್ ಯಾವ ವಿಶ್ವವಿದ್ಯಾಲಯದ ಹುದ್ದೆಯಲ್ಲೂ ಇರಲಿಲ್ಲ. ದ್ವೀಪದಿಂದ ದ್ವೀಪಕ್ಕೆ ಹೋಗಿ, ಗುಡ್ಡ ಹತ್ತಿ, ಗಿಡ ಸಂಗ್ರಹಿಸಿ ವಿಜ್ಞಾನಿಗಳಿಗೆ ಕಳಿಸುವುದು ಆಕೆಯ ಬದುಕಾಗಿತ್ತು. ಸಾಂಟಾ ಬಾರ್ಬರಾದಲ್ಲಿ ಆಕೆಗೆ ಸಿಕ್ಕ ಡಡ್ಲೇಯಾ ಬೇರೆಲ್ಲೂ ಇಲ್ಲದ್ದು. ರೋಸ್ ಅದನ್ನು 1903ರಲ್ಲಿ ವಿವರಿಸಿ ಆಕೆಯ ಹೆಸರನ್ನೇ ಇಟ್ಟರು. 1942ರಲ್ಲಿ ರೀಡ್ ಮೋರನ್ ಅದನ್ನು ಡಡ್ಲೇಯಾ ಕುಲಕ್ಕೆ ಸೇರಿಸಿದ ಮೇಲೆ ‘ಡಡ್ಲೇಯಾ ಟ್ರಾಸ್ಕಿಯೇ’ ಎಂಬ ಹೆಸರು ನಿಂತಿತು.

ಟ್ರಾಸ್ಕ್ ಹೋಗಿಬಂದ ಮೇಲೆ ದ್ವೀಪದ ಗ್ರಹಚಾರ ಕೆಟ್ಟಿತು. 1914ರಲ್ಲಿ ಹೈಡರ್ ಎಂಬ ಕುಟುಂಬ ಸರ್ಕಾರದಿಂದ ದ್ವೀಪವನ್ನು ಗುತ್ತಿಗೆಗೆ ಪಡೆದು ಬೇಸಾಯಕ್ಕೆ ಇಳಿಯಿತು. ಪೊದೆಗಳಿಗೆ ಬೆಂಕಿ ಬಿತ್ತು. ಮೇಲಿನ ನೆಲವನ್ನು ಉತ್ತು ಬಾರ್ಲಿ ಬಿತ್ತಿದರು. ಕುರಿಗಳು ಬಂದವು, ಮೊಲಗಳು ಬಂದವು. ಬೆಕ್ಕುಗಳೂ ದ್ವೀಪ ಸೇರಿ ಕಾಡುಬೆಕ್ಕುಗಳಾದವು. ಹತ್ತು ವರ್ಷದೊಳಗೆ ಬೇಸಾಯ ಕೈಹತ್ತದೆ ಕುಟುಂಬ ಹೊರಟುಹೋಯಿತು. ಅವರನ್ನು ದೂರಿ ಫಲವಿಲ್ಲ. ಬರಡು ದ್ವೀಪದಲ್ಲಿ ಹೊಟ್ಟೆಪಾಡಿಗೆ ಹೆಣಗಿದವರು ಅವರು. ಕಾಲ ಕೆಳಗಿನ ಗಿಡ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ ಎಂದು ಅವರಿಗೆ ಯಾರು ಹೇಳಬೇಕಿತ್ತು?

1938ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಈ ದ್ವೀಪವನ್ನೂ ಅನಾಕಾಪಾ ದ್ವೀಪವನ್ನೂ ಸೇರಿಸಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಕಾಗದದ ಮೇಲೆ ರಕ್ಷಣೆ ಸಿಕ್ಕಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ. ದ್ವೀಪ ನೌಕಾಪಡೆಯ ಕಾವಲು ಠಾಣೆಯಾಯಿತು. ಆ ಕಾಲದಲ್ಲೇ ನ್ಯೂಜಿಲೆಂಡ್ ರೆಡ್ ಎಂಬ ತಳಿಯ ಮೊಲಗಳನ್ನು ತಂದು ಬಿಡಲಾಯಿತು. ಯುದ್ಧ ಮುಗಿಯಿತು, ಸೈನಿಕರು ಹೋದರು, ಮೊಲಗಳು ಉಳಿದವು.

ನರಿಯಿಲ್ಲದ, ಬೇಟೆಗಾರನಿಲ್ಲದ ಒಂದು ಚದರ ಮೈಲಿ ಜಾಗದಲ್ಲಿ ಮೊಲ ಏನು ಮಾಡಬಲ್ಲದು ಎಂದು ಊಹಿಸಿ. 1950ರ ದಶಕದಲ್ಲಿ ಅವು ಸಾವಿರಗಟ್ಟಲೆಯಾಗಿ ದ್ವೀಪವನ್ನು ಬೋಳಿಸಿದವು. ಆಳೆತ್ತರ ಬೆಳೆದು ಹಳದಿ ಹೂ ಬಿಡುತ್ತಿದ್ದ ಕೊರಿಯಾಪ್ಸಿಸ್ ಪೊದೆಗಳ ಕಾಡು ನಾಶವಾಯಿತು. ನೀರು ತುಂಬಿದ ಡಡ್ಲೇಯಾ ಎಲೆಯಂತೂ ಒಣ ದ್ವೀಪದ ಮೊಲಕ್ಕೆ ಊಟವೂ ಹೌದು, ನೀರೂ ಹೌದು. ಉದ್ಯಾನ ಇಲಾಖೆ ಆ ದಶಕದಲ್ಲೇ ಮೊಲಗಳ ನಿರ್ಮೂಲನೆ ಶುರುಮಾಡಿತಾದರೂ ಅದು ಪೂರ್ತಿಯಾದದ್ದು 1981ರಲ್ಲಿ. ನಡುವೆ 1959ರಲ್ಲಿ ದೊಡ್ಡ ಬೆಂಕಿ ಬಿದ್ದು ದ್ವೀಪದ ಬಹುಪಾಲು ಸುಟ್ಟುಹೋಯಿತು.

ಆ ಹೊತ್ತಿಗೆ ದ್ವೀಪದಲ್ಲಿ ಒಂದು ಹಾಡುಹಕ್ಕಿಯೂ ಇತ್ತು. ಸಾಂಟಾ ಬಾರ್ಬರಾದ ಸಾಂಗ್ ಸ್ಪ್ಯಾರೋ ಎಂಬ ಗುಬ್ಬಚ್ಚಿ ಗಾತ್ರದ ಹಕ್ಕಿ. ಅದು ಗೂಡು ಕಟ್ಟುತ್ತಿದ್ದದ್ದು ಪೊದೆಗಳಲ್ಲಿ. ಪೊದೆಗಳನ್ನು ಮೊಲ ತಿಂದಿತು, ಉಳಿದದ್ದನ್ನು ಬೆಂಕಿ ತಿಂದಿತು, ಹಕ್ಕಿಯನ್ನು ಬೆಕ್ಕು ತಿಂದಿತು. ಅದು ಮತ್ತೆ ಕಾಣಲಿಲ್ಲ. 1983ರಲ್ಲಿ ಅಮೆರಿಕ ಸರ್ಕಾರ, ಹಕ್ಕಿ ಅಳಿದಿದೆ ಎಂಬ ಕಾರಣ ಕೊಟ್ಟು ರಕ್ಷಿತ ಜೀವಿಗಳ ಪಟ್ಟಿಯಿಂದ ಅದರ ಹೆಸರನ್ನು ತೆಗೆದುಹಾಕಿತು.

ಡಡ್ಲೇಯಾ ಟ್ರಾಸ್ಕಿಯೇ ಕೂಡ ಅಳಿಯಿತೆಂದೇ 1970ರ ಹೊತ್ತಿಗೆ ಎಲ್ಲರೂ ನಂಬಿದ್ದರು. ಐದು ವರ್ಷದ ನಂತರ, 1975ರಲ್ಲಿ, ದ್ವೀಪದ ಕಡಿದಾದ ಬಂಡೆಯಲ್ಲಿ ಕೆಲವೇ ಕೆಲವು ಗಿಡಗಳು ಕಣ್ಣಿಗೆ ಬಿದ್ದವು. ಮೊಲ ಹೋಗಲಾರದ ಜಾಗದಲ್ಲಿ ಉಳಿದುಕೊಂಡಿದ್ದವು. ಮೇಲಿನ ನೆಲದಲ್ಲಿದ್ದ ಬಂಧುಬಳಗವೆಲ್ಲ ಹೋಗಿ, ಬಿರುಕಿನಲ್ಲಿ ಬೇರೂರಿದ್ದ ನಾಲ್ಕಾರು ವಂಶವನ್ನು ಕಾದಿದ್ದವು. 1978ರಲ್ಲಿ ಅಮೆರಿಕದ ಕಾನೂನು ಅದನ್ನು ಅಳಿವಿನಂಚಿನ ಸಸ್ಯವೆಂದು ಗುರುತಿಸಿತು. 1980ರಲ್ಲಿ ಚಾನೆಲ್ ದ್ವೀಪಗಳು ರಾಷ್ಟ್ರೀಯ ಉದ್ಯಾನವಾದವು. 1985ರಲ್ಲಿ ಗಿಡದ ಪುನಶ್ಚೇತನಕ್ಕೆ ಯೋಜನೆ ಸಿದ್ಧವಾಯಿತು. ಮೊಲ ತೊಲಗಿದ ಮೇಲೆ ಗಿಡ ನಿಧಾನಕ್ಕೆ ಚೇತರಿಸಿಕೊಂಡಿತು.

ಪೂರ್ತಿ ನೆಮ್ಮದಿ ಮಾತ್ರ ಇನ್ನೂ ಸಿಕ್ಕಿಲ್ಲ. ದಕ್ಷಿಣ ಆಫ್ರಿಕಾ ಮೂಲದ ಐಸ್‌ಪ್ಲಾಂಟ್ ಎಂಬ ಇನ್ನೊಂದು ದಪ್ಪೆಲೆಯ ಗಿಡ ದ್ವೀಪದಲ್ಲಿ ಹರಡಿದೆ. ಅದು ಮಣ್ಣಿನ ಉಪ್ಪನ್ನು ಮೈಯೊಳಗೆ ಕೂಡಿಟ್ಟು, ಸಾಯುವಾಗ ಮೇಲ್ಮಣ್ಣಿಗೆ ಸುರಿಯುತ್ತದೆ. ಆ ಉಪ್ಪಿನಲ್ಲಿ ಸ್ಥಳೀಯ ಗಿಡಗಳ ಬೀಜ ಮೊಳೆಯುವುದು ಕಷ್ಟ. ಮೊಲವನ್ನು ಹಿಡಿದು ಹಾಕಬಹುದು, ಉಪ್ಪಾದ ಮಣ್ಣನ್ನು ಹಿಡಿದು ಹಾಕುವುದು ಹೇಗೆ? ಗಿಡವೊಂದನ್ನು ಉಳಿಸುವುದೆಂದರೆ ಅದು ನಿಂತ ನೆಲವನ್ನು ಉಳಿಸುವುದು ಎಂಬ ಮಾತು ಇಲ್ಲಿ ಭಾಷಣದ ಮಾತಲ್ಲ, ದಿನದಿನದ ಕೆಲಸ.

*

ಈಗ ಮತ್ತೆ ಉತ್ತರಕ್ಕೆ, ಅಂಚೆ ಕಚೇರಿಯ ಊರಿನ ಕಡೆಗೆ. ಅಲ್ಲಿಯ ಡಡ್ಲೇಯಾ ಬೇರೆ ಪ್ರಭೇದ, ಹೆಸರು ಫಾರಿನೋಸಾ. ಹಿಟ್ಟು ಬಳಿದಂಥದ್ದು ಎಂದು ಅರ್ಥ. ದ್ವೀಪದ ಗಿಡದಂತೆ ಇದು ಒಂದೇ ಕಡೆ ಸಿಕ್ಕಿಹಾಕಿಕೊಂಡದ್ದಲ್ಲ, ಉತ್ತರದ ಬಂಡೆಗಳಲ್ಲಿ ಅಲ್ಲಲ್ಲಿ ಗುಂಪುಗುಂಪಾಗಿ ಇತ್ತು. ಅದಕ್ಕೆ ಅಲ್ಲಿಯ ಜನರ ಹೋರಾಟವೂ ಒಂದು ಕಾರಣ. ದಂಡೆಯುದ್ದಕ್ಕೂ ಕಟ್ಟಡಗಳು ಏಳುತ್ತಿದ್ದಾಗ ಕ್ಯಾಲಿಫೋರ್ನಿಯಾದ ಮತದಾರರು 1972ರಲ್ಲಿ ಜನಮತದ ಮೂಲಕ ಕರಾವಳಿ ರಕ್ಷಣೆಗೆ ಆಯೋಗ ರಚಿಸಿದರು. 1976ರಲ್ಲಿ ಅದು ಶಾಶ್ವತ ಕಾಯ್ದೆಯಾಯಿತು. ಆ ಕಾಯ್ದೆಯಲ್ಲಿ ಎರಡು ಆಶಯಗಳಿವೆ: ದಂಡೆಯನ್ನು ಕಾಪಾಡುವುದು, ದಂಡೆಯನ್ನು ಎಲ್ಲರಿಗೂ ತೆರೆದಿಡುವುದು. ಬಂಗಲೆಯ ಬೇಲಿಯೊಳಗೆ ಸೇರದೆ ಉಳಿದ ಬಂಡೆಗಳ ಮೇಲೆ ಯಾರು ಬೇಕಾದರೂ ನಡೆದು ಹೋಗಬಹುದು.

ಹಾಗೆ ನಡೆದು ಬಂದವರಲ್ಲಿ ಕೆಲವರ ಬೆನ್ನಿಗೆ ಖಾಲಿ ಚೀಲಗಳಿದ್ದವು. 2010ರ ದಶಕದಲ್ಲಿ ಸಕ್ಯುಲೆಂಟ್ ಗಿಡಗಳ ಹುಚ್ಚು ಜಗತ್ತಿನಾದ್ಯಂತ ಹಬ್ಬಿತ್ತು. ಸಣ್ಣ ಫ್ಲ್ಯಾಟು, ಸಣ್ಣ ಕುಂಡ, ವಾರಕ್ಕೊಮ್ಮೆ ನೀರು, ಫೋನಿನಲ್ಲಿ ಚೆಂದದ ಫೋಟೋ. ಚೀನಾ, ಕೊರಿಯಾಗಳ ಸಂಗ್ರಾಹಕರಲ್ಲಿ ಡಡ್ಲೇಯಾಕ್ಕೆ ವಿಶೇಷ ಬೇಡಿಕೆ ಬಂತು. ಕೊರಿಯಾದ ನರ್ಸರಿಗಳು ಅದನ್ನು ಬೀಜದಿಂದ ಬೆಳೆಸುತ್ತಲೂ ಇದ್ದವು. ಆದರೆ ಬಂಡೆಯ ಮೇಲೆ ದಶಕಗಟ್ಟಲೆ ಗಾಳಿಗೆ ಬಾಗಿ, ಹಲವು ತಲೆಗಳಾಗಿ ಕವಲೊಡೆದ ಗಿಡದ ರೂಪ ಕುಂಡದಲ್ಲಿ ನಾಲ್ಕು ವರ್ಷಕ್ಕೆ ಬರುವುದಿಲ್ಲ. ಬೆಳೆಸುವುದಕ್ಕಿಂತ ಕಿತ್ತುಕೊಳ್ಳುವುದು ಸುಲಭ. ಒಂದೊಂದಕ್ಕೆ 40–50 ಡಾಲರ್, ಅಪರೂಪದ ರೂಪಕ್ಕೆ ಅದರ ಎಷ್ಟೋ ಪಟ್ಟು. ಮೊಲ ಹತ್ತಲಾಗದ ಕೋಟೆಗೆ ಮನುಷ್ಯ ಮೇಲಿನಿಂದ ಹಗ್ಗ ಬಿಟ್ಟುಕೊಂಡು ಇಳಿದ.

2018ರಲ್ಲಿ ಹಂಬೋಲ್ಟ್ ಜಿಲ್ಲೆಯಲ್ಲಿ ಸಿಕ್ಕಿಬಿದ್ದ ಮೂವರ ಬಳಿ 2,000ಕ್ಕೂ ಹೆಚ್ಚು ಗಿಡಗಳಿದ್ದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇನ್ನೊಂದು ತಂಡ ಉತ್ತರದ ಸರ್ಕಾರಿ ಉದ್ಯಾನಗಳಿಂದ ಕಿತ್ತ ಗಿಡಗಳನ್ನು ದಕ್ಷಿಣದ ಒಂದು ನರ್ಸರಿಗೆ ಸಾಗಿಸಿತು. ಅವು ಸ್ಯಾನ್ ಡಿಯೇಗೊ ಜಿಲ್ಲೆಯಲ್ಲಿ ಬೆಳೆದವು ಎಂದು ಕೃಷಿ ಅಧಿಕಾರಿಗೆ ಸುಳ್ಳು ಹೇಳಿ ರಫ್ತಿನ ಪ್ರಮಾಣಪತ್ರವನ್ನೂ ಪಡೆಯಿತು. ಪೊಲೀಸರು ದಾಳಿ ಮಾಡಿದಾಗ ಸಿಕ್ಕ ಡಡ್ಲೇಯಾಗಳ ಲೆಕ್ಕ 3,715. ತಂಡದ ಮುಖ್ಯಸ್ಥ ಬಂಧನ ತಪ್ಪಿಸಿಕೊಂಡು ದೇಶ ಬಿಟ್ಟ. ಮತ್ತೆ ಸಿಕ್ಕಿಬಿದ್ದದ್ದು ಎಲ್ಲಿ ಗೊತ್ತೇ? ದಕ್ಷಿಣ ಆಫ್ರಿಕಾದಲ್ಲಿ, ಅಲ್ಲಿಯ ರಕ್ಷಿತ ಸಕ್ಯುಲೆಂಟ್‌ಗಳನ್ನು ಕೀಳುವಾಗ. ಅಲ್ಲಿಂದ ಕರೆತಂದು ವಿಚಾರಣೆ ನಡೆಸಿ, 2022ರ ಜನವರಿಯಲ್ಲಿ ಅಮೆರಿಕದ ನ್ಯಾಯಾಲಯ ಆತನಿಗೆ ಎರಡು ವರ್ಷ ಸೆರೆವಾಸ ವಿಧಿಸಿತು.

ಈ ಹಾವಳಿಯನ್ನು ಯಾರೂ ಮುಂಗಂಡಿರಲಿಲ್ಲ ಎನ್ನುವುದಕ್ಕೆ ಒಂದು ಸಾಕ್ಷಿ: ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ದ್ವೀಪದ ಟ್ರಾಸ್ಕಿಯೇ ಸೇರಿ ಎರಡು ಡಡ್ಲೇಯಾಗಳಿದ್ದವು. 2013ರ ಸಭೆಯಲ್ಲಿ ಅಮೆರಿಕದ ಪ್ರಸ್ತಾವದ ಮೇರೆಗೇ ಅವನ್ನು ಪಟ್ಟಿಯಿಂದ ಕೈಬಿಡಲಾಯಿತು. ನಾಲ್ಕೇ ವರ್ಷದಲ್ಲಿ ಅದೇ ಕುಲದ ಗಿಡಗಳು ಪೊಟ್ಟಣಗಟ್ಟಲೆ ಅಂಚೆಯಲ್ಲಿ ಹೋಗುತ್ತಿದ್ದವು.

*

ಕಳ್ಳರು ಸಿಕ್ಕ ಮೇಲೆ ಕಾನೂನಿನ ತೊಡಕು ಎದುರಾಯಿತು. ಜಿಂಕೆ ಕೊಂದರೆ ಏನು ಶಿಕ್ಷೆ ಎಂದು ಎಲ್ಲರಿಗೂ ಗೊತ್ತು, ಗಿಡ ಕಿತ್ತರೆ? ಆ ತನಕ ಸಾಮಾನ್ಯ ಕಳ್ಳತನ, ಅತಿಕ್ರಮ ಪ್ರವೇಶದಂಥ ಕಲಮುಗಳನ್ನೇ ಹುಡುಕಿ ಮೊಕದ್ದಮೆ ಹೂಡಬೇಕಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಡಡ್ಲೇಯಾಕ್ಕೆಂದೇ ಒಂದು ಕಾಯ್ದೆ ಮಾಡಿತು. 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅನುಮತಿ ಇಲ್ಲದೆ ಕಾಡಿನ ಡಡ್ಲೇಯಾ ಕೀಳುವುದು, ಕತ್ತರಿಸುವುದು, ಮಾರುವುದು ಅಪರಾಧ. ಮೊದಲ ತಪ್ಪಿಗೇ ದಂಡ 5,000 ಡಾಲರ್‌ನಿಂದ ಶುರು, ಜೊತೆಗೆ ಜೈಲೂ ಆಗಬಹುದು. ಅಪರೂಪದ ಪ್ರಭೇದಗಳಿಗಷ್ಟೇ ಅಲ್ಲದೆ ಇಡೀ ಕುಲಕ್ಕೆ ಈ ರಕ್ಷಣೆ. ಅದರಲ್ಲಿ ವಿವೇಕವಿದೆ. ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸಲು ತಜ್ಞರೇ ತಡಕಾಡುವಾಗ, ರಾತ್ರಿ ಗಸ್ತಿನಲ್ಲಿ ಟಾರ್ಚು ಹಿಡಿದ ವಾರ್ಡನ್ ಏನು ಮಾಡಿಯಾರು?

ವಶಪಡಿಸಿಕೊಂಡ ಗಿಡಗಳನ್ನು ಮರಳಿ ನೆಡುವುದು ಕಾಯ್ದೆ ಮಾಡುವುದಕ್ಕಿಂತ ಕಷ್ಟದ ಕೆಲಸ. 2018ರಲ್ಲಿ ವಾರ್ಡನ್‌ಗಳೂ ಕ್ಯಾಲಿಫೋರ್ನಿಯಾ ಸ್ಥಳೀಯ ಸಸ್ಯ ಸಂಘದ ಸ್ವಯಂಸೇವಕರೂ ಸೇರಿ ಸಾವಿರಾರು ಗಿಡಗಳನ್ನು ಬಂಡೆಗಳ ಬಿರುಕಿಗೆ ಒಂದೊಂದಾಗಿ ಕೂರಿಸಿದರು. ಸರಿಯಾದ ಓರೆಯಲ್ಲಿ ಕೂರಿಸಬೇಕು. ಬೇರು ಹಿಡಿಯುವ ಮೊದಲು ಒಂದು ದೊಡ್ಡ ಗಾಳಿ ಬಂದರೆ ಮುಗಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಗಿಡ ಯಾವ ಬಂಡೆಯದ್ದು ಎಂದು ಗೊತ್ತಿರಬೇಕು. ಒಂದೊಂದು ಬಂಡೆಯ ಗುಂಪೂ ಅಲ್ಲಿಯ ಗಾಳಿ, ಮಂಜು, ಕಲ್ಲಿಗೆ ಒಗ್ಗಿ ಬೇರೆಯಾಗಿ ಬೆಳೆದಿರುತ್ತದೆ. ಒಂದರ ಗಿಡ ತಂದು ಇನ್ನೊಂದರಲ್ಲಿ ನೆಟ್ಟರೆ ತಳಿ ಕಲಬೆರಕೆಯಾಗಬಹುದು, ನರ್ಸರಿಯಲ್ಲಿ ಅಂಟಿದ ರೋಗ ಬಂಡೆಗೂ ಹಬ್ಬಬಹುದು. ಕಳ್ಳನ ಡಬ್ಬದಲ್ಲಿ ಊರಿನ ಹೆಸರು ಬರೆದಿರುವುದಿಲ್ಲ. ಊರು ತಿಳಿಯದ ಗಿಡ ಬದುಕಿದ್ದರೂ ಮನೆಗೆ ಮರಳಲಾರದು.

ದ್ವೀಪದ ಕತೆಯನ್ನೂ ಅಂಚೆ ಕಚೇರಿಯ ಕತೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅನ್ನಿಸುವುದಿಷ್ಟು. ಲಕ್ಷಾಂತರ ವರ್ಷ ಈ ಗಿಡವನ್ನು ಕಾಯ್ದದ್ದು ಬಂಡೆಯ ಕಡಿದು. ಕುರಿ, ಮೊಲ, ನೇಗಿಲು, ಬೆಂಕಿ ಎಲ್ಲವೂ ಆ ಅಂಚಿನಲ್ಲಿ ನಿಂತವು. ಆ ಅಂಚನ್ನು ದಾಟುವ ಶಕ್ತಿ ಬಂದದ್ದು ಆಸೆಗೆ ಮಾತ್ರ. ಆಸೆಗೆ ಹಗ್ಗ ಸಿಗುತ್ತದೆ, ಪ್ರಮಾಣಪತ್ರ ಸಿಗುತ್ತದೆ, ವಿಮಾನವೂ ಸಿಗುತ್ತದೆ. ಈಗ ಬಂಡೆಯ ಕೆಲಸವನ್ನು ಮನುಷ್ಯರೇ ಮಾಡಬೇಕಾಗಿದೆ. ಕಾಯ್ದೆ, ಗಸ್ತು, ಮರುನೆಡುವಿಕೆ ಎಲ್ಲ ಆ ಕೆಲಸವೇ. ಮಣ್ಣು ಉದುರುವ ಪೊಟ್ಟಣವನ್ನು ನೋಡಿ ಒಂದು ಪ್ರಶ್ನೆ ಕೇಳುವುದೂ ಆ ಕೆಲಸವೇ.

ಪುಣೆಯಲ್ಲಿ, ಚೆನ್ನೈಯಲ್ಲಿ, ದೆಹಲಿಯಲ್ಲಿ ನಮ್ಮ ನಿಮ್ಮ ಕಿಟಕಿಗಳ ಮೇಲೂ ಈ ಕುಟುಂಬದ ಗಿಡಗಳು ಕೂತಿವೆ. ಬಹುಪಾಲು ಯಾವುದೋ ನರ್ಸರಿಯಲ್ಲಿ ಎಲೆಯಿಂದ, ತುಂಡಿನಿಂದ ಬೆಳೆಸಿದವು. ಅವುಗಳ ಬಗ್ಗೆ ಅಳುಕು ಬೇಡ. ಆನ್‌ಲೈನ್‌ನಲ್ಲಿ ಒಂದು ದಿನ ಯಾರೋ ‘ಕಾಡಿನಿಂದಲೇ ತಂದದ್ದು, ಹಳೆಯ ಗಿಡ, ಸಿಗುವುದೇ ಕಷ್ಟ’ ಎಂದು ಹೆಮ್ಮೆಯಿಂದ ಬರೆದದ್ದು ಕಂಡರೆ, ಎಲ್ಲಿ ಬೆಳೆದದ್ದು, ಯಾರು ಬೆಳೆಸಿದ್ದು ಎಂದು ಕೇಳಿ ನೋಡಿ. ಉತ್ತರ ಬರದಿದ್ದರೆ ಕೊಳ್ಳಬೇಡಿ. ಆ ಗಿಡ ಯಾವುದೋ ಬಂಡೆಯ ಬಿರುಕಿನಲ್ಲಿ ನಮ್ಮ ವಯಸ್ಸಿಗಿಂತ ಹೆಚ್ಚು ಕಾಲ ನಿಂತಿದ್ದಿರಬಹುದು.